ಬೂದಿ ಕಲಕುತ್ತಿದ್ದವರು

ನಮ್ಮ ಮನೆಯವರು ಕಚೇರಿಯಿಂದ ಬರುವಾಗ ಕೆಲವು ದಿನ ಅವರಿಗಿಂತ ಮೊದಲು ಅವರ ಅಂಗಿಯ ಹೊಗೆ ವಾಸನೆ ಬಾಗಿಲೊಳಗೆ ಬರುತ್ತಿತ್ತು. ಕಣ್ಣು ಕೆಂಪು, ಹುಬ್ಬಿನ ಮೇಲೆ ಬೂದಿಯ ಚೂರು. ಮದುವೆಯಾಗಿ ಹಿರೇಕೊಟ್ನೆಕಲ್‌ನಿಂದ ದೇವದುರ್ಗಕ್ಕೆ ಬಂದ ಹೊಸತರಲ್ಲಿ, ಸರಕಾರಿ ಜವಾನರು ಸಾಹೇಬರಿಗೆ ಅಡುಗೆಯನ್ನೂ ಮಾಡಬೇಕೇನೋ ಅಂದುಕೊಂಡಿದ್ದೆ.

ಅವರ ಹೆಸರು ಹುಸೇನಪ್ಪ. ಇದ್ದಾಗ ಒಮ್ಮೆಯೂ ಬಾಯಿಬಿಟ್ಟು ಹೇಳದ ಹೆಸರನ್ನು ಈಗ ಬರೆಯುತ್ತಿದ್ದೇನೆ. ಅವರ ಮನೆತನದಲ್ಲಿ ಕೂಲಿ ಬಿಟ್ಟು ತಿಂಗಳ ಪಗಾರ ಕಂಡವರು ಅವರೇ ಮೊದಲು. ಅವಧಿ ಮುಗಿದ ಗೋಪ್ಯ ಕಾಗದಗಳನ್ನು ಕಚೇರಿಯ ಹಿತ್ತಲಲ್ಲಿ ಸುಡುವುದು ಅವರ ಪಾಲಿನ ಕೆಲಸ. ಗಂಟನ್ನು ಇಡಿಯಾಗಿ ಹಾಕಿದರೆ ಅಂಚು ಸುಟ್ಟು ನಡು ಹಾಗೇ ಉಳಿಯುತ್ತದಂತೆ. ಅದಕ್ಕೇ ಒಂದೊಂದೇ ಹಾಳೆ ಬಿಡಿಸಿ, ಅಕ್ಷರದ ಮೈ ಕೆಳಗೆ ಮಾಡಿ, ಮುದುಡಿ ಬೆಂಕಿಗೆ ಹಾಕುತ್ತಿದ್ದರು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಸಾಕ್ಷಿಗೆ ನಿಲ್ಲುತ್ತಿದ್ದರು. ಉರಿ ಆರಿದ ಮೇಲೆ ಬೂದಿಗೆ ನೀರು ಹೊಯ್ದು, ಕೋಲಿನಿಂದ ಅಂಬಲಿಯಂತೆ ಕಲಕಿ, ಬೇವಿನ ಗಿಡದ ಬುಡಕ್ಕೆ ಚೆಲ್ಲಬೇಕು.

“ಸುಟ್ಟಿದ್ದನ್ನ ಮತ್ತ್ಯಾಕ ಕಲಕಬೇಕರೀ?” ಎಂದು ಕೇಳಿದ್ದೆ.

“ಬೂದ್ಯಾಗೂ ಅಕ್ಷರ ಇರ್ತಾವ. ಬಾ ಇಲ್ಲಿ” ಎಂದು ಒಲೆಯ ಬಳಿ ಕೂರಿಸಿಕೊಂಡರು. ಉರಿ ಹಚ್ಚಲು ಇಟ್ಟಿದ್ದ ಪೇಪರು ಕರಿ ಎಲೆಯಂತೆ ಮುರುಟಿತ್ತು. ಅದರ ಮೇಲೆ ಅಕ್ಷರಗಳು ಬೆಳ್ಳಗೆ ಹೊಳೆಯುತ್ತಿದ್ದವು. ನಾನು ಓದುವಷ್ಟರಲ್ಲಿ ಊದುಗೊಳವೆಯಿಂದ ಪುಡಿ ಮಾಡಿಬಿಟ್ಟರು. ಮನೆಗೆ ಬಂದ ಲಗ್ನಪತ್ರಿಕೆಗಳ ಗತಿಯೂ ಇದೇ.

ಸುಟ್ಟು ಬಂದ ದಿನ ನಾನು ಬಿಡುತ್ತಿರಲಿಲ್ಲ.

“ಇವತ್ತೇನಿತ್ತರೀ?”

“ಕಾಗದ ಇತ್ತು.”

“ಕಾಗದದಾಗ ಏನಿತ್ತು?”

“ಅಕ್ಷರ ಇದ್ವು. ರೊಟ್ಟಿ ಹಾಕ್ತೀಯೋ, ವಿಚಾರಣಿ ಮುಗಸ್ತೀಯೋ?”

ಓದಲು ಬರುತ್ತಿತ್ತು ಅವರಿಗೆ. ಆದರೆ ಕಚೇರಿಯ ಕಾಗದದ ಮೇಲೆ ಕಣ್ಣು ಹಾಯಿಸುವುದಿಲ್ಲ ಎಂಬುದೇ ಅವರ ಹೆಮ್ಮೆ. ಓದುವ ಹುಚ್ಚು ನನಗೆ. ವಾರಪತ್ರಿಕೆಯ ಧಾರಾವಾಹಿಯೊಂದನ್ನು ವಾರವಾರವೂ ಓದಿ, ಕತ್ತರಿಸಿ, ಕೌದಿ ದಾರದಿಂದ ಹೊಲಿದು ಟ್ರಂಕಿನಲ್ಲಿಟ್ಟಿದ್ದೆ. ಟೈಪಿಂಗ್ ಕಲಿತು ಪಟ್ಟಣ ಸೇರಿದ ಸರೋಜಾ ಎಂಬ ಹುಡುಗಿಯ ಕಥೆ.

ಕಾಗದ ನೋಡದ ಅವರ ಆ ಹೆಮ್ಮೆಯೇ, ಮಾನ್ವಿಗೆ ವರ್ಗವಾದ ಮೇಲೆ, ಅವರ ಕಾಲಿಗೆ ತೊಡಕಾಯಿತು. ಅಲ್ಲಿ ಸುಡುವ ಕಾಗದಗಳನ್ನು ಕೆಂಪು ಬಟ್ಟೆಯಲ್ಲಿ, ರದ್ದಿಗೆ ಹಾಕುವುದನ್ನು ಬಿಳಿ ಬಟ್ಟೆಯಲ್ಲಿ ಕಟ್ಟುತ್ತಿದ್ದರು. ದಸರೆಯ ಪೂಜೆಗೆ ಕಚೇರಿ ಸ್ವಚ್ಛವಾಗಿರಲಿ ಎಂದು ಇವರು ಗಂಟುಗಳನ್ನೆಲ್ಲ ಬಿಚ್ಚಿ ಬಟ್ಟೆಗಳನ್ನು ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರು. ಕೆಂಪು ಬಿಟ್ಟುಕೊಂಡು ಎಲ್ಲವೂ ಒಂದೇ ಬಣ್ಣ. ಕಾಗದ ನೋಡಿದ್ದರೆ ಗೊತ್ತಾಗುತ್ತಿತ್ತು, ಇವರು ನೋಡುವವರಲ್ಲ. ಅಂದಾಜಿನ ಮೇಲೆ ಕಟ್ಟಿದರು. ಬೆಂಕಿಗೆ ಹೋಗಬೇಕಾದ ಗಂಟೊಂದು ರದ್ದಿಯವನ ಗಾಡಿ ಹತ್ತಿತು.

ಹಬ್ಬ ಮುಗಿದ ಮೇಲೆ ಒಂದು ಸಂಜೆ, ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಬಜ್ಜಿ ಮಾರುವ ಖಾಸಿಂಬಿ ಇವರಿಗೆ ರದ್ದಿ ಹಾಳೆಯಲ್ಲಿ ಮಿರ್ಚಿ ಕಟ್ಟಿಕೊಟ್ಟಳು. ಎಣ್ಣೆ ಹೀರಿದ ಹಾಳೆಯಲ್ಲಿ ‘ಗೋಪ್ಯ’ ಎಂಬ ಕೆಂಪು ಮುದ್ರೆ. ಮುಂದಿನದನ್ನು ನನಗೆ ಹೇಳಿದವಳು ಖಾಸಿಂಬಿಯೇ.

“ಈ ಗಂಟು ನನಗ ಕೊಡವ್ವಾ.”

“ಈಗಷ್ಟೇ ಬಿಚ್ಚೀನಿ, ನಿಂದೇ ಪೈಲಾ ಬೋಣಿ. ಗಂಟು ಕೊಟ್ಟು ಮಿರ್ಚಿ ಯಾವುದ್ರಾಗ ಕಟ್ಟಲಿ? ನಿನ್ನ ರುಮಾಲದಾಗ?”

“ಬ್ಯಾರೇ ಕಾಗದ ತರ್ತೀನಿ. ಅಲ್ಲಿತನ ಒಂದು ಹಾಳಿ ಮುಟ್ಟಬ್ಯಾಡ. ನನ್ನ ನೌಕರಿ ಅದರಾಗ ಅದ.”

ಮನೆಗೆ ಓಡಿ ಬಂದವರು ಟ್ರಂಕು ತೆಗೆದರು. ನನ್ನ ಸರೋಜಾಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. “ಅಯ್ಯ, ಅದ್ಯಾಕ್ರೀ!” ಎಂದು ನಾನು ಬಾಗಿಲತನಕ ಹೋದೆ. ಅವರ ಮುಖ ನೋಡಿ ಅಲ್ಲಿಂದಲೇ ಹಿಂದಕ್ಕೆ ಬಂದೆ. ಮರುದಿನ ಸಾಹೇಬರ ಎದುರಿಗೆ ಆ ಗಂಟು, ಎಣ್ಣೆ ಹಾಳೆಯ ಸಮೇತ, ಬೂದಿಯಾಯಿತು. ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ದಿನಾ ಸಂಜೆ ಮಿರ್ಚಿ ಬರತೊಡಗಿತು. “ಕಥೀ ಹಾಳ್ಯಾಗ ಕಟ್ಟು” ಎಂದು ಖಾಸಿಂಬಿಗೆ ಹೇಳಿ ಕಟ್ಟಿಸಿಕೊಂಡು ಬರುತ್ತಿದ್ದರು. ಹೊಟ್ಟೆ ಉರಿದರೂ ತಿಂದರು, ನನಗೂ ತಿನ್ನಿಸಿದರು. ಎಣ್ಣೆಯ ಹಾಳೆಗಳನ್ನು ಹಿಟ್ಟು ಹಾಕಿ ಒರೆಸಿ ನಾನು ಒಂದೊಂದಾಗಿ ಜೋಡಿಸಿದೆ. ಕೊನೆಯ ಕಂತು ಮಾತ್ರ ಯಾರ ಮಿರ್ಚಿಯ ಜೊತೆಗೋ ಹೋಯಿತು.

ರಾಯಚೂರಿಗೆ ವರ್ಗವಾಗಿ ಕೆಲವು ವರ್ಷಗಳಾಗಿದ್ದವು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿದ್ದರು. ಹೊತ್ತು ಹೋಗಲೆಂದು ನಾನು ಹಳೆಯ ಪ್ರಶ್ನೆ ತೆಗೆದೆ.

“ಈಗರ ಹೇಳ್ರಿ. ಮಾನ್ವಿ ಗಂಟಿನಾಗ ಏನಿತ್ತು? ಮಿರ್ಚಿ ಹಾಳೀನರ ಓದೀರಬೇಕಲ್ಲ?”

“ಕಾಗದ ಇತ್ತು” ಎಂದು ನಕ್ಕರು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು ಕೇಳಿದರು: “ಅಲ್ಲಬೇ, ಆ ಸರೋಜಾ ಕಡೀಕ ಏನ್ ಮಾಡಿದ್ಲು?”

ಸರೋಜಾ ನಿಮಗೆ ಹೇಗೆ ಗೊತ್ತೆಂದು ಕೇಳಿದೆ. ಬಸ್‌ಸ್ಟ್ಯಾಂಡಿನಿಂದ ಮನೆಯತನಕ, ಆ ಎಣ್ಣೆ ಹಾಳೆಗಳನ್ನು ಓದುತ್ತ ನಡೆದು ಬರುತ್ತಿದ್ದರಂತೆ. ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ.

“ನಿಮ್ಮದು ನೀವು ಹೇಳ್ರಿ, ನಂದು ನಾ ಹೇಳ್ತೀನಿ” ಎಂದೆ.

“ಭಾಳ ಶಾಣ್ಯಾಕಿ. ನಾಳಿ ನೋಡೂಣು” ಎಂದು ಮಗ್ಗುಲಾದರು.

ಆ ನಾಳೆ ಬೆಳಗಾಗುವುದರೊಳಗೆ ಅವರಿರಲಿಲ್ಲ.

ಅವರ ಗಂಟಿನಲ್ಲಿ ಏನಿತ್ತೆಂದು ನನಗೆ ಇನ್ನು ಗೊತ್ತಾಗುವುದಿಲ್ಲ. ಒಲೆಯಲ್ಲಿ ಪೇಪರು ಸುಟ್ಟಾಗ, ಪುಡಿ ಮಾಡುವ ಮೊದಲು ಬಗ್ಗಿ ನೋಡುತ್ತೇನೆ. ನನ್ನದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ, ಅವರು ಕೇಳಿದ್ದರಲ್ಲ: ಸರೋಜಾ ವಾಪಸ್ ಊರಿಗೆ ಹೋಗಲಿಲ್ಲರೀ. ಒಂದು ಖೋಲಿ ಹಿಡಿದು, ಅವ್ವನ್ನ ತನ್ನ ಕಡೆ ಕರಕೊಂಡ್ಳು. ಇಷ್ಟ ಕಥಿ.