ಅಳಿಯಂದಿರ ಹೊಸ ವಾಲ್ವ್

ಪದ್ಮಾಕ್ಷಮ್ಮ ಪೀಣ್ಯದ ಕಡೆಯ ಕಾರ್ಖಾನೆಯೊಂದರಲ್ಲಿ ಹಳೆಯ ರೇಡಿಯೊಗಳೊಳಗೆ ಬಲ್ಬಿನಂತೆ ಉರಿಯುವ ಗಾಜಿನ ವಾಲ್ವ್‌ಗಳನ್ನು ಪರೀಕ್ಷಿಸುತ್ತಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಚಾಳಿ ಬಿಟ್ಟಿಲ್ಲ. ಬೆಂಡೆಕಾಯಿಯನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿಯೇ ಚೀಲಕ್ಕೆ ಹಾಕುವುದು. ಅಳಿಯ ಅಮೋಘ್ ಮಾಡಿದ್ದನ್ನು ಮಾತ್ರ ಅವರು ಈವರೆಗೆ ತಪ್ಪೆಂದವರಲ್ಲ. ಅಳಿಯನಿಗೆ ಹಾಗೆ ಹೇಳುವುದುಂಟೇ?

ಆ ಭಾನುವಾರ ಅಳಿಯಂದಿರು ಹೆಡ್‌ಫೋನಿನ ಆಂಪ್ಲಿಫೈಯರ್ ಹೊತ್ತು ತಂದರು. ಅದರ ಹಳೆಯ ವಾಲ್ವ್ ಕಿತ್ತು ಪಕ್ಕಕ್ಕಿಟ್ಟು, ಆನ್‌ಲೈನಿನಲ್ಲಿ ತರಿಸಿದ್ದನ್ನು ಸಿಕ್ಕಿಸಿದರು. "ನೋಡಿ ಅತ್ತೆ, ಒಂಬತ್ತು ಪಿನ್ನೂ ಕರೆಕ್ಟಾಗಿ ಕೂತ್ಕೊಳ್ತು!"

ಗಾಜಿನ ಮೇಲಿನ ನಂಬರು ಓದುತ್ತಲೇ ಪದ್ಮಾಕ್ಷಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಆ ಆಂಪ್ಲಿಫೈಯರ್ ಪೆಟ್ಟಿಗೆ ವಾಲ್ವ್‌ಗೆ ಕೊಡುವುದು ಇನ್ನೂರು ವೋಲ್ಟ್. ಹಳೆಯ ವಾಲ್ವ್ ಮುನ್ನೂರು ತಡೆಯುತ್ತದೆ. ಹೊಸದು ನೂರಮೂವತ್ತಕ್ಕೇ ಸುಸ್ತು.

"ಆಮೇಲೆ ಆನ್ ಮಾಡೋರಂತೆ, ಮೊದ್ಲು ಕೈ ತೊಳ್ಕೊಂಡ್ ಬನ್ನಿ, ದೋಸೆ ಆರೋಗುತ್ತೆ."

ಅವರು ಅತ್ತ ಹೋದದ್ದೇ ತಡ, ಅತ್ತೆ ಹಳೆಯದನ್ನೇ ವಾಪಸ್ ಸಿಕ್ಕಿಸಿ ಹೊಸದನ್ನು ಸೆರಗಿನೊಳಗೆ ಸೇರಿಸಿದರು. ನೋಡಲು ಎರಡೂ ಅವಳಿ ಮಕ್ಕಳಂತಿದ್ದವು.

ದೋಸೆ ತಿಂದ ಅಳಿಯಂದಿರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. "ಅಬ್ಬಾ! ಏನ್ ಸೌಂಡ್ ಅತ್ತೆ! ಇದರ ಮುಂದೆ ಆ ಹಳೇದು ಡಬ್ಬಾ!"

"ಹಾಗಾದ್ರೆ ಆ ಹಳೇದು ನನ್ನ ಹತ್ರಾನೇ ಇರ್ಲಿ ಬಿಡಿ," ಎಂದು ಪದ್ಮಾಕ್ಷಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡರು.