ಡ್ಯಾಶ್‌ಬೋರ್ಡ್ ಮೇಲೆ ಎರಡು ಕೈ

ಒಂದೇ ಕಾರಿನಲ್ಲಿ ಮೂರು ಜನ ಕೂತು, ಒಬ್ಬರೂ ತುಟಿ ಬಿಚ್ಚದೆ ವಾಷಿಂಗ್ಟನ್‌ಗೆ ಹೋಗಿ ಬಂದಿದ್ದೀರಾ? ಕಳೆದ ವಾರ ನಾನು ಹೋಗಿ ಬಂದೆ.

ನನ್ನ ಕಾರ್‌ಪೂಲ್‌ನಲ್ಲಿ ಆಫೀಸಿನ ಗ್ಲೆನ್ ಮತ್ತು ಕರ್ಟಿಸ್ ಇದ್ದಾರೆ. ಗ್ಲೆನ್ ಬಿಳಿ ಅಮೆರಿಕನ್, ಕರ್ಟಿಸ್ ಕಪ್ಪು ಅಮೆರಿಕನ್, ನಾನು ಧಾರವಾಡದವಳು. (ಕಾರಿನಲ್ಲಿ ಮೂವರಿದ್ದರೆ, ಅಂಥವರಿಗೆಂದೇ ಮೀಸಲಿಟ್ಟ ಹೈವೇಯ ಖಾಲಿ ಲೇನ್ ನಮ್ಮದು. ಒಬ್ಬರು ಮುನಿಸಿಕೊಂಡರೆ ಮೂವರಿಗೂ ಟ್ರಾಫಿಕ್ ಜಾಮ್!)

ಸೋಮವಾರ ಬೆಳಿಗ್ಗೆ ರೇಡಿಯೋದಲ್ಲಿ ಸುದ್ದಿ ಬಂತು. ಪಕ್ಕದ ಕೌಂಟಿಯಲ್ಲಿ ಪೊಲೀಸರು ಕಾರು ನಿಲ್ಲಿಸಿ, ಒಬ್ಬ ಕಪ್ಪು ಯುವಕನನ್ನು ಗುಂಡಿಟ್ಟು ಕೊಂದಿದ್ದರು. ಅವನು ಜೇಬಿಗೆ ಕೈ ಹಾಕಿದನಂತೆ.

"ಪೊಲೀಸರಿಗೂ ಜೀವಭಯ ಇರುತ್ತೆ. ಹೇಳಿದ ಹಾಗೆ ಕೇಳಿದ್ರೆ ಯಾಕೆ ಗುಂಡು ಹಾರಿಸ್ತಾರೆ?" ಎಂದ ಗ್ಲೆನ್.

"ಲೈಸೆನ್ಸ್ ಕೇಳಿದ್ದು ಅವರೇ ತಾನೆ? ಜೇಬಿಗೆ ಕೈ ಹಾಕದೆ ಹೇಗೆ ಕೊಡ್ತಾನೆ?" ಎಂದ ಕರ್ಟಿಸ್.

ಅಷ್ಟೇ. ಮಾತು ನಿಂತಿತು.

ಆಫೀಸ್ ಕೆಫೆಟೇರಿಯಾದಲ್ಲೂ ಅದೇ ಕಥೆ. ಬಿಳಿಯರ ಟೇಬಲ್‌ನಲ್ಲಿ "ತನಿಖೆ ಮುಗೀಲಿ." ಕಪ್ಪು ಜನರ ಟೇಬಲ್‌ನಲ್ಲಿ "ತನಿಖೇಲಿ ಏನು ಬರುತ್ತೆ ಅಂತ ಗೊತ್ತಿಲ್ವಾ?" ಎಲ್ಲರೂ ಓದಿದ್ದು ಒಂದೇ ಪೇಪರ್! ನಾನು ಟ್ರೇ ಹಿಡಿದು ಎಲ್ಲಿ ಕೂರಲಿ? ಮನೆಗೆ ಬಂದರೆ ನಮ್ಮ ಯಜಮಾನರ ಅಡ್ವೈಸ್: "ನೀ ನಡುವ ಬಾಯಿ ಹಾಕಬ್ಯಾಡ. ನಮಗ್ಯಾಕ ಬೇಕು?"

ಗುರುವಾರ ಸಂಜೆ ವಾಪಸ್ ಬರುವಾಗ ಹಿಂದಿನಿಂದ ಪೊಲೀಸ್ ಕಾರಿನ ಲೈಟು ಮಿನುಗಿತು. ನನ್ನ ಬ್ರೇಕ್ ಲೈಟ್ ಕೆಟ್ಟಿತ್ತಂತೆ, ಆಮೇಲೆ ಗೊತ್ತಾಯಿತು. ಪಕ್ಕಕ್ಕೆ ನಿಲ್ಲಿಸಿ, ಲೈಸೆನ್ಸ್ ತೆಗೆಯಲು ಪರ್ಸ್‌ನತ್ತ ಬಗ್ಗಿದೆ.

"ಪರ್ಸ್ ಬಿಡು. ಎರಡೂ ಕೈ ಸ್ಟೀರಿಂಗ್ ಮೇಲಿರಲಿ," ಎಂದ ಪಕ್ಕದಲ್ಲಿದ್ದ ಕರ್ಟಿಸ್, ಮೆಲ್ಲಗೆ. ಅವನ ಅಂಗೈಗಳು ಆಗಲೇ ಡ್ಯಾಶ್‌ಬೋರ್ಡ್ ಮೇಲಿದ್ದವು, ಬೆರಳು ಅಗಲಿಸಿಕೊಂಡು.

ಗ್ಲೆನ್ ಪಾಪ, ಸಹಾಯಕ್ಕೆ ಮುಂದು. ಹಿಂದಿನ ಸೀಟಿನಿಂದ ತೂರಿಕೊಂಡು ಗ್ಲವ್ ಬಾಕ್ಸ್‌ಗೆ ಕೈ ಚಾಚಿದ. "ರಿಜಿಸ್ಟ್ರೇಷನ್ ನಾನು ತೆಗೀತೀನಿ."

"ಗ್ಲೆನ್! ಅಲ್ಲಾಡಬೇಡ!"

ಕರ್ಟಿಸ್‌ನ ಆ ದನಿ ನಾನು ಎಂದೂ ಕೇಳಿರಲಿಲ್ಲ. ಗ್ಲೆನ್ ಕಲ್ಲಾದ.

ಬಂದ ಆಫೀಸರ್ ಚಿಕ್ಕ ವಯಸ್ಸಿನವನು, ಸಭ್ಯ. ಲೈಟು ರಿಪೇರಿ ಮಾಡಿಸಿ ಮೇಡಂ ಎಂದು ನಕ್ಕು ಹೋದ. ಅವನ ಕಾರು ಮರೆಯಾದ ಮೇಲೆಯೇ ಕರ್ಟಿಸ್ ಕೈ ಎತ್ತಿದ್ದು. ಡ್ಯಾಶ್‌ಬೋರ್ಡ್ ಮೇಲೆ ಎರಡು ಒದ್ದೆ ಅಚ್ಚು.

ಗ್ಲೆನ್ ಆ ಅಚ್ಚು ನೋಡುತ್ತ ಕೇಳಿದ. "ಇದನ್ನ ನಿನಗೆ ಯಾರು ಹೇಳಿಕೊಟ್ರು?"

"ಅಪ್ಪ. ಕಾರು ಸ್ಟಾರ್ಟ್ ಮಾಡೋದು ಕಲಿಸೋಕೆ ಮುಂಚೆ."

"ನಮ್ಮಪ್ಪ ನನಗೆ ಪ್ಯಾರಲಲ್ ಪಾರ್ಕಿಂಗ್ ಕಲಿಸಿದ."

"ಅದನ್ನೂ ಸರಿಯಾಗಿ ಕಲಿಸಿಲ್ಲ ಬಿಡು!" ಎಂದ ಕರ್ಟಿಸ್. ಮೂವರೂ ನಕ್ಕೆವು. ಆ ವಾರದ ಮೊದಲ ನಗು.

ಗ್ಲೆನ್ ಅಭಿಪ್ರಾಯ ಬದಲಾಯಿತಾ? ಪೂರ್ತಿ ಇಲ್ಲ. ಅವನ ತಂಗಿಯ ಗಂಡ ಪೊಲೀಸ್. ಅವನು ಮನೆ ಸೇರುವವರೆಗೆ ತಂಗಿಗೆ ಊಟ ಸೇರದು. ಅದನ್ನೂ ಅವತ್ತೇ ಹೇಳಿದ, ಕರ್ಟಿಸ್ ಕೊನೆಯವರೆಗೆ ಕೇಳಿದ. ಶುಕ್ರವಾರ ಕಾರಿನಲ್ಲಿ ಮತ್ತೆ ವಾದ, ಜೋರಾಗಿಯೇ. ನಾನೂ ನಡುವೆ ಬಾಯಿ ಹಾಕಿದೆ. ಹಾಯಾಗಿ ಡ್ರೈವ್ ಮಾಡಿದೆ!

ಅಂದಹಾಗೆ, ನನ್ನ ಮಗಳಿಗೆ ಹದಿನಾರಾಯಿತು. ನಾಳೆ ಅವಳ ಮೊದಲ ಡ್ರೈವಿಂಗ್ ಪಾಠ. ಯಾವ ಅಪ್ಪನ ಪಾಠದಿಂದ ಶುರು ಮಾಡಲಿ?