ಎಡಕ್ಕೇ ಓಡುವ ಆಟಗಾರ

ಫುಟ್‌ಬಾಲ್ ವಿಡಿಯೋ ಗೇಮಿನ ಗುಣದೋಷ ಹೇಳಲು ಈಕೆ ಯಾರು ಎಂದು ಕೇಳುವವರು ಕೇಳಲಿ. ಎಂಟು ತಿಂಗಳಿಂದ ದಿನಾ ಎರಡು ಹೊತ್ತು, ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ. ಎದುರು ಮೆಂತ್ಯಪಲ್ಲೆ ಸೋಸುತ್ತ ಕೂತು ಆ ಆಟವನ್ನು ನೋಡಿದ್ದೇನೆ. ಅದರ ಮೂಲ ಯಜಮಾನರು ಹುಕ್ಕೇರಿಯಲ್ಲಿರುವ ನಮ್ಮ ಅಳಿಯಂದಿರು. ಮೂರು ವರ್ಷ ಆಡಿದವರು. ಅಲ್ಲಿನ ಹುಲ್ಲು ಹೇಗಿದೆ ಎಂದು ಕೇಳಿದರೆ, "ಹಸರ ಐತ್ರಿ" ಎಂದು ಮುಗಿಸಿದರು. ಮೂರು ವರ್ಷದ ಅಧ್ಯಯನ ಅಷ್ಟೇ.

ಅದು ಬರೀ ಹಸಿರಲ್ಲ. ಒಂದು ಪಟ್ಟಿ ಗಾಢ, ಒಂದು ಪಟ್ಟಿ ತೆಳು, ಜಮಖಾನೆ ಹಾಸಿದ ಹಾಗೆ. ಅಷ್ಟು ದೊಡ್ಡ ಬಯಲಿನಲ್ಲಿ ಒಂದು ಎಮ್ಮೆ ಬಾಯಿ ಹಾಕಿದ ಗುರುತಿಲ್ಲ, ಒಂದು ಪ್ಲಾಸ್ಟಿಕ್ ಚೀಲ ಹಾರಿ ಬಂದಿಲ್ಲ. ಮಳೆ ಸುರಿಯುತ್ತದೆ, ಕೆಸರಾಗುವುದಿಲ್ಲ. ನಮ್ಮ ಕಡೆ ಎರೆಮಣ್ಣಿನಲ್ಲಿ ಮಳೆಯಾದ ಮರುದಿನ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ, ಕಾಲು ಮಾತ್ರ ಮನೆಗೆ ಬರುತ್ತದೆ. ಅಲ್ಲಿ ಆಟಗಾರ ಹತ್ತು ಮಾರು ದೂರ ಕುಂಡಿಯ ಮೇಲೆ ಜಾರಿಕೊಂಡು ಹೋಗಿ ಎದ್ದು ನಿಂತರೂ ಬಿಳಿ ಚಡ್ಡಿ ಬಿಳಿಯಾಗಿಯೇ ಇರುತ್ತದೆ. ಆ ಚಡ್ಡಿಯ ಚಿತ್ರ ಬಿಡಿಸಿದವರು ಜನ್ಮದಲ್ಲಿ ಬಟ್ಟೆ ಒಗೆದವರಲ್ಲ ಎಂದು ನಾನು ಬಾಂಡ್ ಪೇಪರಿನ ಮೇಲೆ ಬರೆದುಕೊಡುತ್ತೇನೆ.

ಈ ಆಟ ನಮ್ಮ ಮನೆಗೆ ಬರಲು ಕಾರಣ ನಮ್ಮ ಮನೆಯವರ ಎಡಗೈ.

ಹೋದ ವರ್ಷ ದೀಪಾವಳಿಯ ಹಿಂದೆಮುಂದೆ ಅವರಿಗೆ ಎಡಭಾಗಕ್ಕೆ ಲಕ್ವಾ ಹೊಡೆಯಿತು. ಶಿವನ ದಯೆ, ಕಾಲು ಹದಿನೈದು ದಿನದಲ್ಲಿ ಸುಧಾರಿಸಿತು. ಇನ್ನೊಂದು ದಯೆ, ಮಾತು ಹೋಗಲಿಲ್ಲ. ಆ ದಯೆಯನ್ನು ನಾನು ಮರೆಯದಂತೆ ಅವರು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಾರೆ. ಆದರೆ ಎಡಗೈ ಬರಲಿಲ್ಲ. ಅಂಗೈ ಅಗಲವಾಗುತ್ತಿರಲಿಲ್ಲ, ಹೆಬ್ಬೆರಳು ಬೇರೆ ಯಾರದ್ದೋ ಎಂಬಂತೆ ಒರಗಿಕೊಂಡಿರುತ್ತಿತ್ತು.

ಬಲಗೈ ಇದೆಯಲ್ಲ, ಉಣ್ಣಲು ಬರೆಯಲು ಸಾಕು ಎಂದು ನೋಡಲು ಬಂದವರೆಲ್ಲ ಸಮಾಧಾನ ಹೇಳಿ, ಚಹಾ ಕುಡಿದು ಹೋದರು. ಅವರಿಗೆ ತಿಳಿಯದ ಸಂಗತಿಯಲ್ಲ, ಮರೆತಿದ್ದರು ಅಷ್ಟೇ. ನಮ್ಮಲ್ಲಿ ದೇವರು ಗುಡಿಯಲ್ಲಿ ಕೂತು ದಾರಿ ಕಾಯುವುದಿಲ್ಲ. ಕೊರಳಲ್ಲಿರುವ ಇಷ್ಟಲಿಂಗವನ್ನು ಬೆಳಿಗ್ಗೆ ಸ್ನಾನವಾದ ಮೇಲೆ ಬಿಚ್ಚಿ, ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಬೇಕು. ಅವರವರ ದೇವರು ಅವರವರ ಅಂಗೈಯಲ್ಲಿ. ನಡುವೆ ಯಾರೂ ಇಲ್ಲ. ಲಕ್ವಾ ಹೊಡೆದ ಮೇಲೆ ನಡುವೆ ನಾನು ಬಂದೆ. ಅವರ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟು, ಲಿಂಗ ಜಾರದಂತೆ ಹಿಡಿದು ಕೂರುತ್ತಿದ್ದೆ. ದಿನವಿಡೀ ಮಾತಾಡುವ ಮನುಷ್ಯ ಆ ಹತ್ತು ನಿಮಿಷ ತುಟಿ ಬಿಚ್ಚುತ್ತಿರಲಿಲ್ಲ. ಒಮ್ಮೆ ಮಾತ್ರ ಹೇಳಿದರು, "ಇದು ನನ್ನ ಪೂಜಿ ಅಲ್ಲ. ನಿನ್ನ ಕೈ ಮ್ಯಾಲ ನಾ ನೀರ ಹಾಕಾಕತ್ತೇನಿ, ಅಷ್ಟ."

ಹುಕ್ಕೇರಿಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಒಬ್ಬ ಹುಡುಗಿ ಇದ್ದಾಳೆ. ಓದಿದವಳು, ತಾಳ್ಮೆಯವಳು. ಅವಳು ಒಂದು ರಬ್ಬರ್ ಚೆಂಡು ಕೊಟ್ಟು, "ಕಾಕಾರ, ದಿನಾ ನೂರ ಸಲ ಇದನ್ನ ಹಿಚಕ್ರಿ" ಎಂದಳು.

"ನಾ ಏನ್ ತೊಟ್ಟಲದಾಗಿನ ಕೂಸೇನವಾ, ಚೆಂಡ ಹಿಡಕೊಂಡ ಆಡಾಕ?" ಎಂದರು ನಮ್ಮವರು.

ಪಕ್ಕದಲ್ಲಿದ್ದ ಮಗಳು ಅಪ್ಪನ ಮಗಳೇ. "ಹಿಚಕೂದ ಬ್ಯಾಡ ಅಂದ್ರ ಒದ್ದರ ಒದಿ ಅಪ್ಪಾ" ಎಂದು ಗಂಡನ ಆಟದ ಡಬ್ಬಿಯನ್ನು ವಯರಿನ ಸಮೇತ ಕಿತ್ತು ನಮ್ಮ ಚೀಲಕ್ಕೆ ತುರುಕಿದಳು. ಅಳಿಯಂದಿರು ಬಾಗಿಲಲ್ಲಿ ನಿಂತು ಬೀಳ್ಕೊಟ್ಟರು. ನಮ್ಮನ್ನಲ್ಲ, ಚೀಲವನ್ನು ನೋಡುತ್ತಿದ್ದರು.

ಡಬ್ಬಿಯ ಜೊತೆ ಕೈಯಲ್ಲಿ ಹಿಡಿಯುವ ಒಂದು ರಿಮೋಟು. ಅದರ ಎಡಗಡೆ ಅಣಬೆಯ ತಲೆಯಂಥ ಒಂದು ಗುಂಡಿ. ಎಡ ಹೆಬ್ಬೆರಳಿನಿಂದ ಅದನ್ನು ಯಾವ ಕಡೆ ದೂಡಿದರೆ ಆಟಗಾರ ಆ ಕಡೆ ಓಡಬೇಕು. ಮನೆಗೆ ಮಿಕ್ಸರ್ ಬಂದರೂ, ಗ್ಯಾಸಿನ ಒಲೆ ಬಂದರೂ ಮೊದಲು ಪೂಜೆ ಮಾಡಿಯೇ ಕೈ ಹಚ್ಚುವವರು ನಾವು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು ರಿಮೋಟಿಗೆ ಅಡ್ಡಲಾಗಿ ಮೂರು ಬೆರಳು ಎಳೆದೆ, ಹೂ ಇಟ್ಟೆ, ಊದುಬತ್ತಿ ಬೆಳಗಿದೆ. ಅಂದಿನಿಂದ ಪ್ರತಿ ಸೋಮವಾರ ತಪ್ಪದೆ ಹಾಗೇ ಮಾಡಿದೆ. ಗಂಡನ ಕೈ ಬರಲಿ ಎಂದು ಬೇಡಿಕೊಳ್ಳುವಾಗ ಒಂದು ಹನಿ ಹೆಚ್ಚೇ ಹಚ್ಚಿದ್ದೇನೆ, ಕಡಿಮೆ ಮಾಡಿಲ್ಲ.

ಮೊದಲ ವಾರ ನಮ್ಮ ಆಟಗಾರ ನಿಂತಲ್ಲೇ ನಿಂತಿದ್ದ. ಚೆಂಡು ಬಂದು ಕಾಲಿಗೆ ಬಡಿದು ಹೋಗುತ್ತಿತ್ತು. ಎರಡನೆಯ ವಾರ ನಾಲ್ಕು ಹೆಜ್ಜೆ ನಡೆದ. ತಿಂಗಳು ತುಂಬುವುದರೊಳಗೆ ಎಡಕ್ಕೂ ಬಲಕ್ಕೂ ಓಡತೊಡಗಿದ. ಹೆಬ್ಬೆರಳು ಮಾತು ಕೇಳುತ್ತಿತ್ತು! ಪೂಜೆಯ ಹೊತ್ತಿನಲ್ಲಿ ಅವರ ಅಂಗೈಯ ಭಾರ ನನ್ನ ಅಂಗೈಗೆ ಒಂದಿಷ್ಟು ಕಡಿಮೆ ಅನಿಸುತ್ತಿತ್ತು. ಅವರು ಒಂದೂ ಗೋಲು ಹೊಡೆದಿರಲಿಲ್ಲ. ಆದರೂ ಎದುರಿನ ತಂಡದವರಿಗೆ ಬೈಯುವುದರಲ್ಲಿ ಮನೆಯಲ್ಲಿ ಹಬ್ಬದ ಕಳೆ ಬಂತು.

ನನಗೂ ಚಿತ್ರವನ್ನು ಸಾವಕಾಶವಾಗಿ ನೋಡಲು ಬಿಡುವಾಯಿತು. ಆಟಗಾರರ ತಲೆಗೂದಲು ಒಂದೊಂದೂ ಬೇರೆ ಬೇರೆಯಾಗಿ ಗಾಳಿಗೆ ಹಾರುತ್ತದೆ. ಅಷ್ಟು ಕೆಲಸ ಕೂದಲಿಗೆ. ಕೈ ನೋಡಿದರೆ ಐದೂ ಬೆರಳು ಅಂಟಿಕೊಂಡು ಅನ್ನದ ಹುಟ್ಟಿನ ಹಾಗೆ. ಗೋಲು ಹೊಡೆದವನು ಕೈ ಎತ್ತಿ ಕುಣಿದರೆ, ಎರಡು ಹುಟ್ಟು ಹಿಡಿದು ಅಡುಗೆಮನೆಯಿಂದ ಓಡಿ ಬಂದಂತೆ. ನೋಡಲು ಬಂದ ಸಾವಿರಾರು ಜನರಲ್ಲಿ ಹಳದಿ ಕೋಟಿನ ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಹದಿನಾಲ್ಕು ಕಡೆ ಕೂತಿದ್ದಾನೆ. ಹದಿನಾಲ್ಕೂ ಕಡೆ ಒಟ್ಟಿಗೆ ಚಪ್ಪಾಳೆ ಹೊಡೆಯುತ್ತಾನೆ. ಶರಣರಿಗೂ ಇಂಥ ಪವಾಡ ಆಗಿರಲಿಕ್ಕಿಲ್ಲ. ಇನ್ನು ಆಟಗಾರರ ನೋವು. ಭುಜಕ್ಕೆ ಭುಜ ತಾಗಿದರೆ ಸಾಕು, ಮೊಣಕಾಲು ಹಿಡಿದು ನಾಲ್ಕು ಉರುಳು ಉರುಳುತ್ತಾರೆ. ಸೀಟಿ ಊದಿದ ಕೂಡಲೇ ಎದ್ದು ಓಡುತ್ತಾರೆ. ಹುಕ್ಕೇರಿಯ ಹುಡುಗಿಯ ಹತ್ತಿರ ಇಂಥವರು ಹೋದರೆ ಅವಳು ಅಂಗಡಿ ಮುಚ್ಚಬೇಕಾದೀತು.

ಮೂರನೆಯ ತಿಂಗಳಲ್ಲಿ ಆಟ ಕೆಟ್ಟಿತು. ಆಟಗಾರ ಎಡಕ್ಕೆ ವಾಲತೊಡಗಿದ. ಬಲಕ್ಕೆ ದೂಡಿದರೆ ಒಂದು ಹೆಜ್ಜೆ ಬಲಕ್ಕೆ ಹೋಗಿ, ಮನೆಯಲ್ಲಿ ಏನೋ ಮರೆತು ಬಂದವನಂತೆ ಎಡಕ್ಕೆ ಹೊರಳುತ್ತಿದ್ದ. ನೋಡನೋಡುತ್ತ ಗೆರೆ ದಾಟಿ, ಆ ಕಡೆ ನಿಂತ ಛಾಯಾಚಿತ್ರದವರ ಹತ್ತಿರ ಹೋಗಿ ನಿಲ್ಲುತ್ತಿದ್ದ.

ಅದೇ ಹೊತ್ತಿಗೆ ಮಗಳು ಫೋನು ಮಾಡಿದಳು. "ಅವ್ವಾ, ಈ ಗೇಮಿನ ಬಗ್ಗೆ ಜನಾ ತಮ್ಮ ತಮ್ಮ ಅಭಿಪ್ರಾಯ ಹಾಕ್ತಾರ. ನೀ ಹೇಳು, ನಾ ಬರದ ಹಾಕ್ತೇನಿ. ಗ್ರಾಫಿಕ್ಸ್ ಹೆಂಗೈತಿ? ಆಟ ಹೆಂಗೈತಿ?"

ನಾನು ಹುಲ್ಲಿನಿಂದ ಹಿಡಿದು ಹುಟ್ಟಿನವರೆಗೆ ಎಲ್ಲ ಹೇಳಿದೆ. "ಆಟ ಅಂತೂ ಕೇಳಬ್ಯಾಡ. ಹೇಳಿದ್ದ ಒಂದು, ಅವ ಮಾಡೂದ ಒಂದು. ಮಾಡಿದವರಿಗೆ ಬುದ್ಧಿ ಇಲ್ಲ ಅಂತ ಬರಿ."

"ಐದರಾಗ ಎಷ್ಟ ಚುಕ್ಕಿ ಕೊಡ್ತಿ?"

"ಒಂದ. ಅದೂ ಕೂದಲಕ್ಕ."

ನಾನು ಆಟಕ್ಕೆ ಬೈದು ಹಗುರಾದೆ. ನಮ್ಮವರು ಆಟಕ್ಕೆ ಬೈಯಲಿಲ್ಲ. ಹೆಬ್ಬೆರಳನ್ನೇ ನೋಡುತ್ತ ಕೂತರು. ಒಂದು ಸಂಜೆ ರಿಮೋಟನ್ನು ಕಾಟಿನ ಮೇಲೆ ಮಗುಚಿ ಇಟ್ಟರು. "ಬೊಟ್ಟ ಮತ್ತ ಹೋತು. ನಾ ಬಲಕ್ಕ ದೂಡಾಕತ್ತೇನಿ ಅಂತ ತಿಳದೇನಿ, ಅದು ಎಡಕ್ಕ ಹೊಂಟೇತಿ. ಇನ್ನೊಮ್ಮಿ ಹೊಡದೇತಿ ನಂಗ."

"ಹಂಗೇನಿಲ್ರಿ. ಹುಕ್ಕೇರಿಗೆ ಹೋಗಿ ತೋರ್ಸೋಣು."

"ಏನ್ ತೋರ್ಸತಿ? ಸತ್ತ ಬೊಟ್ಟ ತೋರ್ಸಾಕ ಬಸ್ಸ ಹತ್ತಬೇಕೇನು?"

ಹುಕ್ಕೇರಿ ತಪ್ಪಿತು. ಆಟ ನಿಂತಿತು. ಐದನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದವರು ಮಣೆಯ ಮೇಲೆ ಕೂರಲೇ ಇಲ್ಲ. ಕೊರಳಲ್ಲಿದ್ದುದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಇವತ್ತಿಂದ ಇಷ್ಟ" ಎಂದರು. ನಾನು ಒಲೆಯ ಮುಂದೆ ಹೋಗಿ ನಿಂತೆ. ಹಾಲು ಉಕ್ಕಿ ಹೋಯಿತು. ಒಲೆ ಒರೆಸುವ ಕೆಲಸವೊಂದು ಸಿಕ್ಕಿತು. ಅದೂ ಒಂದು ದಯೆ ಎಂದುಕೊಂಡೆ.

ಅವರ ತಂಗಿ ಮೂಡಲಗಿಯಲ್ಲಿ ಇದ್ದಾಳೆ. ಅಣ್ಣನಿಗೆ ಬುದ್ಧಿ ಹೇಳುವ ಹಕ್ಕು ತವರಿನಿಂದ ಬಳುವಳಿಯಾಗಿ ತಂದವಳು. ನಾನು ಫೋನು ಮಾಡಿದ ಮರುದಿನವೇ ಒಂದು ಡಬ್ಬಿ ಶೇಂಗಾ ಹೋಳಿಗೆ ಹಿಡಿದು ಬಸ್ಸಿಳಿದಳು. ಚಪ್ಪಲಿ ಬಿಡುವ ಮೊದಲೇ ಶುರು.

"ಏನಣ್ಣಾ, ಲಿಂಗ ಪೂಜಿ ಬಿಟ್ಟೀಯಂತ? ಅಪ್ಪ ಇದ್ದಿದ್ರ ಕಟಿಗಿ ತಗೋತಿದ್ದ."

"ಬೊಟ್ಟ ಹೋಗೇತಿ ತಂಗಿ."

"ಬೊಟ್ಟ ಹೋಗಿಲ್ಲ, ನಿನ್ನ ಧೈರ್ಯ ಹೋಗೇತಿ. ವೈನಿ, ಎಲ್ಲೈತ್ರಿ ಅದು, ಚೆಂಡ ಒದಿಯೂದು? ತರ್ರಿ ಇಲ್ಲಿ. ನಾ ಆಡಿ ತೋರಸ್ತೇನಿ. ಹೆಂಗಸರ ಆಡಿದ್ದ ನೋಡಿ ಆದರೂ ನಾಚಿಕಿ ಬರಲಿ."

ನಾನು ಟಿ.ವಿ. ಹಚ್ಚಿ ರಿಮೋಟು ಕೊಟ್ಟೆ. ನಾದಿನಿ ಸೆರಗು ಸೊಂಟಕ್ಕೆ ಸಿಗಿಸಿ ಕಾಟಿನ ಮೇಲೆ ಕೂತಳು. ಎರಡು ದಶಕ ರೊಟ್ಟಿ ಬಡಿದ ಹೆಬ್ಬೆರಳು ಅವಳದು; ಗುಂಡಿಯನ್ನು ಬಲಕ್ಕೆ ಹಾಕಿ ಒತ್ತಿದಳು. ಆಟಗಾರ ಒಂದು ಹೆಜ್ಜೆ ಬಲಕ್ಕೆ ಇಟ್ಟು, ಎಡಕ್ಕೆ ಹೊರಳಿ, ಗೆರೆ ದಾಟಿ, ಛಾಯಾಚಿತ್ರದವರ ಹತ್ತಿರ ಹೋಗಿ ನಿಂತ.

ಅವಳು ಕೈ ನೋಡಿಕೊಂಡಳು. ಮತ್ತೊಮ್ಮೆ ದೂಡಿದಳು. ಮತ್ತೆ ಅಲ್ಲಿಗೇ.

"ಅಯ್ಯ ಶಿವನ! ಅಣ್ಣಾ, ನಂಗೂ ಹೊಡೀತೇನೋ ಲಕ್ವಾ? ಈಗ ಬಸ್ಸಿಳಿಯೂತನಾ ಛಲೋ ಇದ್ನಲ್ಲೋ!"

ನಮ್ಮವರು ಅವಳ ಕೈಯಿಂದ ರಿಮೋಟನ್ನು ಕಸಿದುಕೊಂಡರು. ಗುಂಡಿ ಮುಟ್ಟಲಿಲ್ಲ, ಸುಮ್ಮನೆ ಹಿಡಿದು ನೋಡಿದರು. ಯಾರೂ ಗುಂಡಿ ಮುಟ್ಟದಿದ್ದರೂ ಆಟಗಾರ ಎಡಕ್ಕೆ ನಡೆಯುತ್ತಿದ್ದ. "ನೋಡ ನೋಡ" ಎಂದರು. ದನಿ ಬೇರೆಯಾಗಿತ್ತು.

ನಾನು ಮಗಳಿಗೆ ವಿಡಿಯೋ ಫೋನು ಹಚ್ಚಿದೆ. ರಿಮೋಟನ್ನು ಅವಳ ಮುಖದ ಹತ್ತಿರ ಹಿಡಿದೆ.

"ಅವ್ವಾ, ಆ ಗುಂಡಿ ಬುಡಕ ಬೆಳ್ಳಗ ಏನದು? ಏನರ ಹಾಕೀಯೇನು?"

"ಏನೂ ಹಾಕಿಲ್ಲವಾ. ವಿಭೂತಿ ಬಿಟ್ರ ಏನೂ ಹಾಕಿಲ್ಲ."

ಮಗಳು ಫೋನನ್ನು ಕಣ್ಣಿನ ಹತ್ತಿರ ತಂದಳು. ಆಮೇಲೆ, "ಎಷ್ಟ ಸಲ?"

"ಸೋಮವಾರಕ್ಕೊಮ್ಮಿ."

ಅವಳ ಹಿಂದೆ ನಿಂತ ಅಳಿಯಂದಿರು ಹಣೆ ಒತ್ತಿಕೊಂಡದ್ದು ನನಗೆ ಕಾಣಿಸಿತು. ಗ್ರಾಫಿಕ್ಸ್ ಅಂದರೆ ಅದು.

ಮಗಳು ಹೇಳಿದಂತೆ ಸ್ಕ್ರೂ ಬಿಚ್ಚಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದೆವು. ಮೂರು ತಿಂಗಳ ನನ್ನ ಭಕ್ತಿ ಹೆಪ್ಪುಗಟ್ಟಿ ಗುಂಡಿಯ ಸುತ್ತ ಕೂತಿತ್ತು. ತಟ್ಟೆಯ ಮೇಲೆ ಬಿದ್ದ ಪುಡಿಯನ್ನು ಎಸೆಯುವಂತಿಲ್ಲ, ವಿಭೂತಿಯಲ್ಲವೇ. ನಾದಿನಿ ಅದನ್ನೇ ಬೆರಳಿಗೆ ಹಚ್ಚಿಕೊಂಡು ಮೊದಲು ಅಣ್ಣನ ಹಣೆಗೆ, ಆಮೇಲೆ ನನ್ನ ಹಣೆಗೆ ಎಳೆದಳು. "ವೈನಿ, ದೇವರ ಮ್ಯಾಲಿನ ಪ್ರೀತಿಗೂ ಒಂದ ಅಳತಿ ಇರಲಿ" ಎಂದಳು. ಹದಿನೈದು ದಿನ ನನ್ನ ಗಂಡನನ್ನು ಎರಡನೆಯ ಸಲ ರೋಗಿಯನ್ನಾಗಿ ಮಾಡಿದವಳು ನಾನೇ. ನಾದಿನಿಯ ತಟ್ಟೆಗೆ ಹೋಳಿಗೆ ಹಾಕಿ ತುಪ್ಪ ಬಡಿಸಿದೆ.

ಅಂದು ಅವರು ಮಧ್ಯಾಹ್ನದ ಊಟವನ್ನೂ ಮರೆತು ಆಡಿದರು. ಬಲಕ್ಕೆಂದರೆ ಬಲಕ್ಕೆ, ಎಡಕ್ಕೆಂದರೆ ಎಡಕ್ಕೆ. ನಾನು ಮಗಳಿಗೆ ಫೋನು ಮಾಡಿ ಚುಕ್ಕಿಗಳನ್ನು ಮೂರು ಮಾಡಿಸಿದೆ. ನಾಲ್ಕು ಮಾಡಬಾರದೇ ಎಂದು ಕೇಳಿದಳು. ಆ ಆಟಗಾರರ ಕೈಬೆರಳಿನ ಚಿತ್ರ ಸರಿಯಾಗಿ ಬಿಡಿಸುವವರೆಗೆ ಆಗುವುದಿಲ್ಲ ಎಂದೆ. ತಪ್ಪು ನನ್ನದಾದರೂ ಆ ಚಡ್ಡಿಯ ವಿಷಯ ಖರೆಯೇ.

ಮರುದಿನ ಬೆಳಿಗ್ಗೆ ಕರೆಯದೆಯೇ ಬಂದು ಮಣೆಯ ಮೇಲೆ ಕೂತರು. ಲಿಂಗವನ್ನು ಬಿಚ್ಚಿ ಅಂಗೈಯ ಮೇಲಿಟ್ಟುಕೊಂಡರು. ನಾನು ಎಂದಿನಂತೆ ಕೆಳಗೆ ಕೈ ಕೊಟ್ಟೆ.

"ತಗಿ" ಎಂದರು.

"ಬ್ಯಾಡ್ರಿ. ಇನ್ನಾ ನಾಕ ದಿನ ಹೋಗಲಿ."

"ತಗೀ ಅಂದ್ನಿ."

ತೆಗೆದೆ. ಪೂರ್ತಿ ತೆಗೆಯಲಿಲ್ಲ, ನಾಲ್ಕು ಬೆರಳು ಕೆಳಗೆ ಇಟ್ಟುಕೊಂಡೇ ಕೂತೆ. ಅವರ ಅಂಗೈ ಒಂದು ಕಡೆ ವಾಲಿತು. ಲಿಂಗ ಒಮ್ಮೆ ಅಂಚಿನ ಕಡೆ ಜಾರಿತು. ನನ್ನ ಬಾಯಿಂದ "ಶಿವಾ" ಹೊರಡುವಷ್ಟರಲ್ಲಿ ಅವರ ಹೆಬ್ಬೆರಳು ಎದ್ದು ಬಂದು ಅದನ್ನು ತಡೆಯಿತು, ನಿಧಾನಕ್ಕೆ ನಡುವಿಗೆ ದೂಡಿತು.

ಅವರು ಬಲಗೈ ಚಾಚಿದರು. ತಂಬಿಗೆ ಎತ್ತಿ ಕೊಡಲು ಹೋದವಳು ಅರ್ಧ ನೀರನ್ನು ಅವರ ಧೋತರದ ಮೇಲೆ ಚೆಲ್ಲಿದೆ.

"ಕೈಯಾಗ ಜೀಂವಾ ಇಲ್ಲೇನ ನಿಂಗ?" ಎಂದು ಶುರು ಮಾಡಿದವರು ಪೂಜೆ ಮುಗಿಯುವವರೆಗೂ ಬೈಯುತ್ತಲೇ ಇದ್ದರು. ನಾನು ಒಂದಕ್ಕೂ ಎದುರಾಡದೆ ಕೇಳಿದೆ.